ಗ್ವಾಟೆಮಾಲಾದ ಜಿಂಕೆ ಕುಣಿತಕ್ಕೆ ಮರದ ಮುಖವಾಡ: ಭಾರ, ಬಿರುಕು, ಕೊಂಬು, ಬಣ್ಣ – ಗೊತ್ತಿದ್ದವರು ಹೇಳಿ

ಬೈಲೂರು_ರಂಗ:

ನಮಸ್ಕಾರ. ಡಿಸೆಂಬರಿನಲ್ಲಿ ಉಡುಪಿಯಲ್ಲಿ ಒಂದು ರಂಗಪ್ರಯೋಗ ಉಂಟು. ಅದರಲ್ಲಿ 12 ನಿಮಿಷದ ಒಂದು ಭಾಗ ಗ್ವಾಟೆಮಾಲಾದ ಮಾಯಾ ಜನರ ಜಿಂಕೆ ಕುಣಿತದ್ದು (ಅಲ್ಲಿ ಅದಕ್ಕೆ ಬಾಯ್ಲೆ ದೆಲ್ ವೆನಾದೊ ಎನ್ನುತ್ತಾರೆ). ಎರಡು ಜಿಂಕೆ, ಒಂದು ಹುಲಿ, ಒಂದು ಮಂಗ. ಒಟ್ಟು ನಾಲ್ಕು ಮುಖವಾಡ ಬೇಕು. ಕಾಗದದ್ದು, ಫೈಬರಿನದ್ದು ಬೇಡ, ಅಲ್ಲಿಯ ಹಾಗೆ ಮರದ್ದೇ ಆಗಬೇಕು ಎಂದು ನಿರ್ದೇಶಕರ ಹಟ. ಯಕ್ಷಗಾನದ ಆಭರಣ ಕೆತ್ತುವ ಆಚಾರ್ರೊಬ್ಬರು ಒಪ್ಪಿಕೊಂಡಿದ್ದಾರೆ.

ಮೊದಲ ಜಿಂಕೆ ಆಗಿದೆ. ಹಲಸಿನ ಮರ, ಎತ್ತರ 30 ಸೆಂ.ಮೀ., ಅಗಲ 23, ಗೋಡೆಯ ದಪ್ಪ ಸುಮಾರು 18 ಮಿ.ಮೀ. ಕೊಂಬು ಇನ್ನೂ ಕೂರಿಸಿಲ್ಲ, ಆಗಲೇ ತೂಕ 1 ಕಿಲೊ 350 ಗ್ರಾಂ. ನಾಲ್ಕು ನಿಮಿಷ ಕುಣಿದರೆ ಮೂತಿ ಕೆಳಗೆ ಜಗ್ಗಿ ಕಣ್ಣಿನ ತೂತು ಕೆನ್ನೆಗೆ ಬರುತ್ತದೆ, ಆಮೇಲೆ ಕುಣಿಯುವವರಿಗೆ ಎದುರಿನದ್ದು ಎಂತದೂ ಕಾಣುವುದಿಲ್ಲ. ಎಡಗಣ್ಣಿನ ಮೂಲೆಯಿಂದ ಹಣೆಯವರೆಗೆ ಕೂದಲೆಳೆಯ ಬಿರುಕು ಬಿದ್ದಿದೆ, ದಿನದಿಂದ ದಿನಕ್ಕೆ ಉದ್ದ ಆಗುತ್ತಿದೆ.

ಕೇಳುವುದು ಇಷ್ಟು: ಮರ ಬದಲಿಸಬೇಕಾ, ಅಳತೆ ಬದಲಿಸಬೇಕಾ? ಕೊಂಬು ಹೇಗೆ ಕೂರಿಸುವುದು? ತಂಡದ ಒಬ್ಬರ ಹಳೆಮನೆಯಲ್ಲಿ ಚುಕ್ಕೆ ಜಿಂಕೆಯ ಒಂದು ಜೋಡಿ ಕೊಂಬು ಉಂಟಂತೆ, ಅದನ್ನು ಬಳಸಬಹುದಾ? ಮತ್ತೆ ಅಲ್ಲಿಯ ಹಳೆಯ ಮುಖವಾಡಗಳ ಫೋಟೊದಲ್ಲಿ ಪಿಂಗಾಣಿಯ ಹಾಗೆ ಒಂದು ಹೊಳಪು ಕಾಣುತ್ತದೆ, ಎನಾಮಲ್ ಬಳಿದರೆ ಅದು ಬರುವುದಿಲ್ಲ. ಅದೆಂತದು?

ದುಂಡುಳಿ:

ಮೊದಲು ಅಳತೆ ಸರಿ ಮಾಡಿ, ಮರದ ವಿಷಯ ಆಮೇಲೆ. ಮುಖವಾಡ ಎಂದರೆ ಮುಖಕ್ಕಿಂತ ದೊಡ್ಡದಿರಬೇಕು ಎಂಬುದು ಭೂತದ ಮುಗ (ಭೂತಕೋಲದ ಮುಖವಾಡ) ನೋಡಿ ಬೆಳೆದ ನಮ್ಮ ಕಣ್ಣಿನ ಲೆಕ್ಕ. ಗ್ವಾಟೆಮಾಲಾದ ಗುಡ್ಡಗಾಡಿನ ಕುಣಿತದ ಮುಖವಾಡ ಹೆಚ್ಚಿನವು ಒಂದು ಗೇಣಿನಷ್ಟು ಮಾತ್ರ. ಕೆಲವು ಮುಖವನ್ನು ಪೂರ್ತಿ ಮುಚ್ಚುವುದೂ ಇಲ್ಲ. ಅವರು ಮೊದಲು ತಲೆ, ಕಿವಿ, ಗಲ್ಲ ಎಲ್ಲ ಸೇರಿಸಿ ಬಟ್ಟೆ ಸುತ್ತುತ್ತಾರೆ, ಅದರ ಮೇಲೆ ಮುಖವಾಡ ಕಟ್ಟುತ್ತಾರೆ. ಬೆವರು ಹೀರುವುದು ಆ ಬಟ್ಟೆ, ಮೂಳೆಗೆ ಮೆತ್ತೆಯಾಗುವುದೂ ಅದೇ, ಅಂಚಿನಿಂದ ಹೊರಗೆ ಕಾಣುವ ಮುಖವನ್ನು ಮರೆಮಾಡುವುದೂ ಅದೇ. ಫೋಟೊದಲ್ಲಿ ಗೋಡೆಗೆ ನೇತುಹಾಕಿದ ಮುಖವಾಡ ಮಾತ್ರ ನೋಡಿದವರಿಗೆ ಈ ಬಟ್ಟೆ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಎತ್ತರ 22, ಅಗಲ 17ಕ್ಕೆ ಇಳಿಸಿ. ಗೋಡೆ ಪಕ್ಕದಲ್ಲಿ 8 ಮಿ.ಮೀ., ಹಣೆಯಲ್ಲಿ 12, ಕೊಂಬು ಕೂರುವ ಎರಡು ಜಾಗದಲ್ಲಿ ಮಾತ್ರ 25ರಿಂದ 30. ಮೂತಿಯನ್ನೂ ಒಳಗಿನಿಂದ ಟೊಳ್ಳು ಮಾಡಿ. ಹೆಚ್ಚಿನವರು ಅದನ್ನು ಗಟ್ಟಿಯಾಗಿ ಬಿಟ್ಟುಬಿಡುತ್ತಾರೆ, ಮುಖದಿಂದ ದೂರ ಇರುವ ಆ ಭಾರವೇ ಜಗ್ಗುವುದು. ಇಷ್ಟು ಮಾಡಿದರೆ ಮರದ ಗಾತ್ರ ಸುಮಾರು 800 ಘನ ಸೆಂ.ಮೀ. ಆಗುತ್ತದೆ. ಹಲಸಿನಲ್ಲೇ ಮಾಡಿದರೂ 500 ಗ್ರಾಂ ಆಸುಪಾಸು, ಹಗುರ ಮರವಾದರೆ 350–400. ನಿಮ್ಮ 1350ರಲ್ಲಿ ಮರದ ತಪ್ಪು ಕಾಲುಭಾಗವೂ ಇಲ್ಲ.

ಈಗ ಮರ. ಅಲ್ಲಿ ಪೈನ್ ಉಂಟು, ಒಳ್ಳೆಯದಕ್ಕೆ ಸೆದ್ರೊ. ಸೆದ್ರೊ ಎಂದರೆ ದೇವದಾರು ಅಂತ ಅನುವಾದ ಮಾಡಿಕೊಳ್ಳಬೇಡಿ, ಅದು ಬೇವಿನ ಕುಟುಂಬದ ಮರ. ನಮ್ಮ ಗಂಧಗರಿಗೆ ಅದರ ಹತ್ತಿರದ ನೆಂಟ; ಒಂದು ಕಾಲದಲ್ಲಿ ಸಸ್ಯಶಾಸ್ತ್ರದವರು ಅದನ್ನೂ ಸೆದ್ರೆಲಾ ಕುಲದಲ್ಲೇ ಸೇರಿಸಿದ್ದರು. ಎಳೆ ನೇರ, ಉಳಿಗೆ ಮೆತ್ತಗೆ, ಹುಳ ಬೇಗ ಹತ್ತುವುದಿಲ್ಲ. ಗಂಧಗರಿಗೆಯ ಒಣ ಹಲಗೆ ಸಿಕ್ಕಿದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಸಿಗದಿದ್ದರೆ ಶಿವನೆ: ಒಣಗುವಾಗ ಸೊಟ್ಟಗಾಗುವುದು ಬಹಳ ಕಡಿಮೆ. ಮೂರನೆಯದು ಹಾಲೆ ಮರ, ಆಟಿ ಅಮಾವಾಸ್ಯೆಗೆ ಕಷಾಯ ಮಾಡುವ ಅದೇ ಪಾಲೆ. ಬಹಳ ಹಗುರ, ಬೆಣ್ಣೆಯ ಹಾಗೆ ಕೆತ್ತಬಹುದು. ಆದರೆ ಸಣ್ಣ ಗೆರೆ ನಿಲ್ಲುವುದಿಲ್ಲ, ಉಳಿ ಹರಿತ ಇಲ್ಲದಿದ್ದರೆ ಎಳೆ ಕಿತ್ತು ಬರುತ್ತದೆ.

ಬಿರುಕಿಗೆ ಕಾರಣ ನೋಡಬೇಕಾದರೆ ಮುಖವಾಡವನ್ನು ತಲೆಕೆಳಗೆ ಮಾಡಿ ಗಲ್ಲದ ಅಂಚಿನ ಎಳೆ ನೋಡಿ. ದಿಮ್ಮಿಯ ನಡುತಿರುಳು ಎಲ್ಲಾದರೂ ಮರದೊಳಗೇ ಉಳಿದಿದ್ದರೆ ಬಿರುಕು ಅಲ್ಲಿಂದಲೇ. ಮರ ಒಣಗುವಾಗ ಸುತ್ತಳತೆಯ ಕಡೆ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳು ಒಳಗಿದ್ದರೆ ಆ ಜಗ್ಗಾಟಕ್ಕೆ ದಾರಿ ಒಂದೇ, ಸೀಳುವುದು. ಅದಕ್ಕೇ 30 ಸೆಂ.ಮೀ.ಗಿಂತ ದಪ್ಪದ ದಿಮ್ಮಿಯನ್ನು ಎರಡು ಹೋಳು ಮಾಡಿ, ತೊಗಟೆಯ ಕಡೆಗೆ ಮುಖ, ತಿರುಳಿನ ಕಡೆಗೆ ಒಳಮೈ ಬರುವ ಹಾಗೆ ಇಡಬೇಕು. ಟೊಳ್ಳು ಕೊರೆಯುವಾಗ ತಿರುಳು ತಾನಾಗಿ ಚಕ್ಕೆಯಾಗಿ ಹೋಗುತ್ತದೆ.

ಕೆಲಸದ ಕ್ರಮ ಹೀಗೆ ಇಟ್ಟುಕೊಳ್ಳಲಿ: ಬಾಚಿಯಲ್ಲಿ ಮುಖದ ಮುಕ್ಕಾಲುಪಾಲು ರೂಪ, ಕೂಡಲೇ ಒಳಗಿನ ಟೊಳ್ಳು, ಗೋಡೆ 15 ಮಿ.ಮೀ. ಇರುವಾಗ ನಿಲ್ಲಿಸುವುದು. ಅಡ್ಡಎಳೆ ಕಾಣುವ ನೆತ್ತಿ ಮತ್ತು ಗಲ್ಲಕ್ಕೆ ಮೇಣ ಅಥವಾ ಫೆವಿಕಾಲ್ ಬಳಿದು, ಗೋಣಿಯಲ್ಲಿ ಸುತ್ತಿ ನೆರಳಲ್ಲಿ ಇಡುವುದು. ಮೂರು ದಿನಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ವಾರ ತೂಕ ಇಳಿಯದಿದ್ದರೆ ಮಾತ್ರ ಉಳಿದ ಕೆತ್ತನೆ. ಎಷ್ಟು ದಿನ ಅಂತ ಹೇಳಲಿಕ್ಕಾಗುವುದಿಲ್ಲ, ಮಳೆ ಬಿಟ್ಟ ಮೇಲೆ ಮಾಡಿದರೆ ಮೂರು ನಾಲ್ಕು ವಾರ.

ಈಗಿನ ಬಿರುಕಿಗೆ ಪುಟ್ಟಿ ತುಂಬಬೇಡಿ. ಅದು ಇನ್ನೂ ಓಡುತ್ತಿದೆ. ನಿಂತ ಮೇಲೆ ಅದೇ ಮರದ ತೆಳು ಚಕ್ಕೆ ಬೆಣೆಯ ಹಾಗೆ ಮಾಡಿ ಅಂಟು ಹಚ್ಚಿ ಕೂರಿಸಿ, ಒಳಗಿನಿಂದ 3 ಸೆಂ.ಮೀ. ಅಗಲದ ಹತ್ತಿಬಟ್ಟೆಯ ಪಟ್ಟಿ ಅಂಟಿಸಿ. ಚರ್ಚಿನ ಮರದ ವಿಗ್ರಹ ಮಾಡುವವರು ಕೀಲುಗಳ ಮೇಲೆ ಬಟ್ಟೆ ಅಂಟಿಸುವುದು ಇದೇ ಕಾರಣಕ್ಕೆ.

ಗೇಣುಮೊಳ:

ದುಂಡುಳಿಯವರು ಹೇಳಿದ ಅಳತೆಗೆ ನನ್ನದೂ ಒಪ್ಪಿಗೆ. ಆದರೆ ಬಿರುಕು ಶುರುವಾದ ಜಾಗ ಕಣ್ಣಿನ ಮೂಲೆ ಎಂದರೆ ಬರೀ ತಿರುಳಿನ ತಪ್ಪಲ್ಲ, ಅಲ್ಲಿ ತೂತು ದೊಡ್ಡದಾಗಿದೆ. ಕಣ್ಣಿನ ಗುಡ್ಡೆಯ ತೂತಿನಿಂದಲೇ ನೋಡುವ ಹಾಗೆ ಮಾಡಿಸಿದ್ದೀರಿ ಅಂತ ಕಾಣುತ್ತದೆ. ಅಲ್ಲಿಯ ಕ್ರಮ ಬೇರೆ. ಮುಖವಾಡದ ಕಣ್ಣು ನೋಡುವವರಿಗೆ, ಕುಣಿಯುವವನಿಗೆ ಅಲ್ಲ. ಕಣ್ಣು ಬಣ್ಣದ್ದೊ ಗಾಜಿನದ್ದೊ ಇರುತ್ತದೆ, ಕುಣಿಯುವವನಿಗೆ ಬೇರೆ ಸೀಳು. ಸಾಮಾನ್ಯವಾಗಿ ಅದು ಕಣ್ಣಿನ ಕೆಳಗಿನ ಮಡಿಕೆಯಲ್ಲಿ, ಇಲ್ಲದಿದ್ದರೆ ಹುಬ್ಬಿನ ಕೆಳಗೆ ಅಡಗಿರುತ್ತದೆ. ಎರಡು ಮಾರು ದೂರದಿಂದ ನೆರಳಿನ ಗೆರೆ ಅಂತಲೇ ಕಾಣುವುದು.

ಸೀಳಿನ ಅಳತೆ: ಉದ್ದ 28 ಮಿ.ಮೀ., ಎತ್ತರ 4. ಹೊರಗೆ ಇಷ್ಟು ಸಪೂರ ಇದ್ದರೂ ಒಳಗಿನಿಂದ ಉಳಿಯಲ್ಲಿ ಓರೆ ಮಾಡಿ 12 ಮಿ.ಮೀ.ಗೆ ಅಗಲಿಸಬೇಕು, ಆಗ ಕಣ್ಣು ಮರಕ್ಕೆ ಹತ್ತಿರ ಬಂದು ಎರಡೂ ಪಕ್ಕ ಕಾಣುತ್ತದೆ. ಓರೆ ಮಾಡದೆ ಬಿಟ್ಟರೆ ಕೊಳವೆಯೊಳಗಿನಿಂದ ನೋಡಿದ ಹಾಗೆ. ಗಾಜಿನ ಕಣ್ಣಿನ ಗುಳಿಗೂ ಸೀಳಿಗೂ ನಡುವೆ ಕಡಿಮೆ ಎಂದರೆ 8 ಮಿ.ಮೀ. ಮರ ಉಳಿಯಲಿ. ಎರಡು ಸೀಳುಗಳ ನಡುಬಿಂದುವಿನ ಅಂತರ ದೊಡ್ಡವರಿಗೆ 62–64 ಮಿ.ಮೀ. ಸಾಕು, ಆದರೆ ಎತ್ತರವನ್ನು ಮಾತ್ರ ಊಹೆಯಲ್ಲಿ ಗುರುತಿಸಬಾರದು. ಕುಣಿಯುವವರು ತಲೆಗೆ ಬಟ್ಟೆ ಸುತ್ತಿ, ಕೆತ್ತಿದ ಟೊಳ್ಳನ್ನು ಮುಖಕ್ಕೆ ಹಿಡಿದು, ಪಕ್ಕದಿಂದ ಇನ್ನೊಬ್ಬರು ಕಣ್ಣಿನ ಮಟ್ಟವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಬೇಕು. ಬಟ್ಟೆ ಸುತ್ತದೆ ಗುರುತು ಮಾಡಿದರೆ ಆಮೇಲೆ ಒಂದು ಬೆರಳು ವ್ಯತ್ಯಾಸ ಬರುತ್ತದೆ.

ಒಳಗೆ ಮುಖಕ್ಕೆ ತಾಗಬೇಕಾದದ್ದು ಮೂರೇ ಜಾಗ: ಹಣೆ, ಎರಡು ಕೆನ್ನೆಮೂಳೆ. ಮೂಗಿನ ಸುತ್ತ 10 ಮಿ.ಮೀ. ಖಾಲಿ ಇರಲಿ. ಗಲ್ಲ ತಾಗಿದರೆ ಮಾತಾಡಿದಾಗ, ಏದುಸಿರು ಬಿಟ್ಟಾಗ ಮುಖವಾಡ ಏಳುತ್ತದೆ. ಮೂತಿಯ ಮೂಗಿನ ಹೊಳ್ಳೆ ಎರಡನ್ನೂ 8 ಮಿ.ಮೀ. ಬೈರಿಗೆಯಲ್ಲಿ ಒಳಗಿನವರೆಗೆ ಕೊರೆಯಿರಿ, ಉಸಿರು ಅಲ್ಲಿಂದ ಹೋಗಲಿ.

ಕಟ್ಟುವ ತೂತು ಎರಡಲ್ಲ, ಮೂರು. ಎರಡು ಕಿವಿಯ ಮೇಲ್ತುದಿಯ ಮಟ್ಟದಲ್ಲಿ, ಅಂಚಿನಿಂದ 12 ಮಿ.ಮೀ. ಒಳಗೆ, 5 ಮಿ.ಮೀ. ಅಗಲ. ಮೂರನೆಯದು ನೆತ್ತಿಯಲ್ಲಿ. ಮೂತಿ ಇರುವ ಮುಖವಾಡವನ್ನು ಎರಡೇ ದಾರದಲ್ಲಿ ಕಟ್ಟಿದರೆ ಅದು ಆ ಎರಡು ತೂತುಗಳನ್ನೇ ಅಚ್ಚು ಮಾಡಿಕೊಂಡು ತಕ್ಕಡಿಯ ಹಾಗೆ ತೂಗುತ್ತದೆ. ನಿಮ್ಮ ತೂತು ಕೆನ್ನೆಗೆ ಬರುವುದು ಹೀಗೆ. ನೆತ್ತಿಯ ದಾರ ತಲೆಯ ಮೇಲಿಂದ ಹಿಂದಕ್ಕೆ ಹೋಗಿ ಉಳಿದೆರಡಕ್ಕೆ ಗಂಟು ಬಿದ್ದರೆ ಮೂತಿ ಜಗ್ಗುವುದು ನಿಲ್ಲುತ್ತದೆ. ನೈಲಾನ್ ಹಗ್ಗ ಬೇಡ, ಜಾರುತ್ತದೆ, ಬೆವರಿಗೆ ಗಂಟು ಸಡಿಲ. ಹತ್ತಿ ಲಾಡಿ ಒಳ್ಳೆಯದು.

ಕೊಂಬು: ಹಳೆಮನೆಯ ಆ ಜೋಡಿಯನ್ನು ಅಲ್ಲೇ ಬಿಡಿ. ಅಲ್ಲಿಯ ಮುಖವಾಡಗಳಲ್ಲಿ ನಿಜವಾದ ಸಣ್ಣ ಕೊಂಬು ಕೂರಿಸಿದ್ದು ಬೇಕಾದಷ್ಟು ಉಂಟು, ಆದರೆ ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಂಟು. ಕಾಡಿನಲ್ಲಿ ತಾನಾಗಿ ಉದುರಿದ್ದಾದರೂ ಕೊಂಬು ಕೊಂಬೇ. ಮಾಲೀಕತ್ವದ ಪ್ರಮಾಣಪತ್ರ ಇಲ್ಲದ ವಸ್ತುವನ್ನು ವೇದಿಕೆಗೆ ತಂದು ನೂರು ಮೊಬೈಲಿನ ಎದುರು ಕುಣಿಸಿದರೆ ಮರುದಿನ ಅರಣ್ಯ ಇಲಾಖೆಯವರು ಬಂದರೆ ಅವರ ತಪ್ಪಲ್ಲ. ತೂಕವೂ ಸಮಸ್ಯೆ, ಚುಕ್ಕೆ ಜಿಂಕೆಯ ಬಲಿತ ಕೊಂಬು ಮುಖವಾಡಕ್ಕಿಂತ ಭಾರ.

ಪೇರಳೆ ಮರದ ಕವಲು ಕೊಂಬೆ ಹುಡುಕಿ. ಕವಲಿನಲ್ಲಿ ಎಳೆ ತಾನಾಗಿ ತಿರುಗಿರುವುದರಿಂದ ಮುರಿಯುವುದಿಲ್ಲ. ಹಲಗೆಯಿಂದ ಕೊಂಬು ಕೊರೆದರೆ ಬಾಗಿದ ಕಡೆ ಅಡ್ಡಎಳೆ ಬಂದು ಮೊದಲ ಪೆಟ್ಟಿಗೇ ತುಂಡು. 30 ಸೆಂ.ಮೀ. ಉದ್ದ, ಬುಡ 22 ಮಿ.ಮೀ., ತುದಿ ದುಂಡಗೆ (ಪಕ್ಕದವರ ಕಣ್ಣು ಉಳಿಯಬೇಕಲ್ಲ). ತೊಗಟೆ ತೆಗೆದು ಒಂದು ತಿಂಗಳು ಒಣಗಿಸಿ. ಬುಡದಲ್ಲಿ 15 ಮಿ.ಮೀ. ದಪ್ಪ, 20 ಮಿ.ಮೀ. ಉದ್ದದ ನೇರ ಗೂಟ ಮಾಡಿ, ಹಣೆಯ ಆ ದಪ್ಪ ಜಾಗದಲ್ಲಿ ಅದೇ ಅಳತೆಯ ತೂತು. ಗೂಟವನ್ನು ಮೊನೆ ಮಾಡಿ ಬಡಿದು ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಮೊನೆಯ ಗೂಟ ಎಂದರೆ ಬೆಣೆ, ಮುಖವಾಡದ ಎಳೆ ಮೇಲಿಂದ ಕೆಳಗೆ ಇರುವುದರಿಂದ ಹಣೆ ಸೌದೆಯ ಹಾಗೆ ಸೀಳುತ್ತದೆ. ಕೈಯಲ್ಲಿ ಒತ್ತಿದರೆ ಕೂರಬೇಕು, ಪಕ್ಕದಿಂದ 4 ಮಿ.ಮೀ. ಬಿದಿರಿನ ಮೊಳೆ ಅಡ್ಡ ತೂರಿಸಿ ಬಂದೋಬಸ್ತು ಮಾಡಿ. ಅಂಟು ಬೇಡ. ಬಿಚ್ಚಿ ಪೆಟ್ಟಿಗೆಯಲ್ಲಿ ಇಡಲಿಕ್ಕೂ ಆಯಿತು, ಕೊಂಬು ಎಲ್ಲಾದರೂ ಬಡಿದರೆ ಮೊಳೆ ಮುರಿದು ಮುಖವಾಡ ಉಳಿಯಿತು. ಕಿವಿಯನ್ನೂ ಬೇರೆ ತುಂಡಿನಲ್ಲೇ ಮಾಡಿ, ದಿಮ್ಮಿಯಿಂದಲೇ ಕಿವಿ ತೆಗೆಯಲು ಹೋದರೆ ಅರ್ಧ ಮರ ಚಕ್ಕೆಗೆ ಹೋಗುತ್ತದೆ.

ಪೊಂಗಾರೆ_67:

ಇಷ್ಟೆಲ್ಲ ಮರ ಹೇಳಿದಿರಿ, ಪೊಂಗಾರೆ ಯಾಕೆ ಬೇಡ? ಮಾಯಾ ಪುರಾಣ ಪೋಪೊಲ್ ವೂಹ್‌ನಲ್ಲಿ ದೇವರು ಮರದ ಮನುಷ್ಯರನ್ನು ಮಾಡುವುದು ತ್ಸಿತೆ ಮರದಿಂದ. ಅದು ನಮ್ಮ ಪೊಂಗಾರೆಯ (ಘಟ್ಟದ ಮೇಲಿನವರ ಹಾಲಿವಾಣ) ಕುಲದ್ದೇ. ಆ ಮರದ ಮನುಷ್ಯರಿಗೆ ಬುದ್ಧಿ, ನೆನಪು ಇಲ್ಲ ಎಂದು ದೇವರು ನಾಶ ಮಾಡಿದ ಮೇಲೆ ಉಳಿದವರೇ ಮಂಗಗಳಂತೆ. ಹಾಗಿದ್ದರೆ ಮಂಗನ ಮುಖವಾಡಕ್ಕೆ ಇದಕ್ಕಿಂತ ಸರಿಯಾದ ಮರ ಯಾವುದು ಮಾರಾಯ್ರೆ? ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದು ಪ್ರತಿ ತೋಟದಲ್ಲೂ ಉಂಟು.

ದುಂಡುಳಿ:

ಕತೆ ಸರಿ ಉಂಟು, ಮರ ಸರಿ ಇಲ್ಲ. ತ್ಸಿತೆಯ ಕೆಂಪು ಬೀಜ ಅಲ್ಲಿ ಶಕುನ ನೋಡುವವರ ಕೈಯಲ್ಲಿ ಇರುತ್ತದೆ, ಮರಕ್ಕೆ ಗೌರವವೂ ಉಂಟು. ಆದರೆ ಕುಣಿತದ ಮುಖವಾಡ ವರ್ಷ ವರ್ಷ ಬಾಡಿಗೆಗೆ ಹೋಗಿ ಬರುವ ಸಾಮಾನು. ಪೊಂಗಾರೆ ಉಗುರಿನಲ್ಲಿ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗೆ, ಕಡಿದ ವಾರದಲ್ಲೇ ಹುಳ, ಲಾಡಿಯ ತೂತು ಎರಡು ಪ್ರದರ್ಶನಕ್ಕೇ ಹರಿದುಹೋಗುತ್ತದೆ. ಮಂಗನ ಹಲ್ಲು ಕೆತ್ತಲಿಕ್ಕೆ ಅಂತೂ ಆಗುವುದೇ ಇಲ್ಲ. ಆ ಪುರಾಣದ ಮರದ ಮನುಷ್ಯರೂ ಬಾಳಿಕೆ ಬರಲಿಲ್ಲ ನೋಡಿ.

ಬಣ್ಣದ_ಡಬ್ಬಿ:

ಹೊಳಪಿನ ಪ್ರಶ್ನೆಗೆ. ನೀವು ನೋಡಿದ್ದು ವಾರ್ನಿಷ್ ಅಲ್ಲ. ಸ್ಪ್ಯಾನಿಷರ ಕಾಲದಲ್ಲಿ ಚರ್ಚಿನ ಸಂತರ ಮರದ ವಿಗ್ರಹಗಳಿಗೆ ಮುಖದ ಬಣ್ಣ ಹಾಕುತ್ತಿದ್ದ ಎನ್‌ಕಾರ್ನಾದೊ ಎಂಬ ಕ್ರಮ ಉಂಟು, ಮುಖವಾಡದವರು ಕಲಿತದ್ದು ಅಲ್ಲಿಂದ. ಮರದ ಮೇಲೆ ಅಂಟು ಬೆರೆಸಿದ ಚಾಕ್ ಪುಡಿಯ ತಳ, ಅದರ ಮೇಲೆ ಎಣ್ಣೆಬಣ್ಣ, ಅದು ಅರ್ಧ ಒಣಗಿರುವಾಗ ಕುರಿಯ ಒದ್ದೆ ಮೂತ್ರಕೋಶದ ಚರ್ಮದಲ್ಲಿ ತಿಕ್ಕಿ ತಿಕ್ಕಿ ಕುಂಚದ ಗೆರೆ ಅಳಿಸುವುದು. ಪಿಂಗಾಣಿಯ ನಯ ಬರುವುದು ಹಾಗೆ. ಎಲ್ಲ ಮುಖವಾಡಕ್ಕೂ ಇಷ್ಟು ಉಪಚಾರ ಇಲ್ಲ. ಬಾಡಿಗೆಗೆ ಹೋಗುವ ಮುಖವಾಡಕ್ಕೆ ಮತ್ತೆ ಮತ್ತೆ ಬಣ್ಣ ಬೀಳುತ್ತದೆ, ಪದರದ ಮೇಲೆ ಪದರ ಬಂದು ಕೆತ್ತನೆಯ ಅಂಚು ದುಂಡಗಾಗುತ್ತದೆ.

ತಳಕ್ಕೆ ಬೇಕಾದದ್ದು ಸರೇಸು (ಪ್ರಾಣಿಗಳ ಚರ್ಮದಿಂದ ಮಾಡುವ ಅಂಟು) ಮತ್ತು ಚಾಕ್ ಪುಡಿ. ನಾಲ್ಕು ಮುಖವಾಡಕ್ಕೆ ಅರ್ಧ ಲೀಟರ್ ಸಾಕು: 35 ಗ್ರಾಂ ಸರೇಸನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ. ಕುದಿಯಬಾರದು, ಕುದಿದರೆ ಅಂಟಿನ ಕಸುವು ಹೋಗುತ್ತದೆ. ಪುಡಿ ಹಾಕದ ಈ ನೀರನ್ನೇ ಮೊದಲು ಒಮ್ಮೆ ಮರಕ್ಕೆ ಬಳಿದು ಒಣಗಿಸಿ. ಆಮೇಲೆ ಒಂದು ಲೋಟ ಸರೇಸು ನೀರಿಗೆ ಒಂದೂವರೆ ಲೋಟ ಚಾಕ್ ಪುಡಿ, ಮೇಲಿಂದ ಉದುರಿಸಿ ತಾನಾಗಿ ಮುಳುಗಲಿಕ್ಕೆ ಬಿಡಿ. ಕಲಕಿದರೆ ಗುಳ್ಳೆ, ಗುಳ್ಳೆ ಒಡೆದ ಜಾಗದಲ್ಲೆಲ್ಲ ಸೂಜಿತೂತು. ತೆಳ್ಳಗೆ ಆರು ಕೋಟು. ಎರಡೇ ದಪ್ಪ ಕೋಟಿನಲ್ಲಿ ಮುಗಿಸಿದರೆ ಒಣಗಿದ ಕೆರೆಯ ಹಾಗೆ ಬಿರಿಯುತ್ತದೆ. ಇನ್ನೊಂದು ಮರೆಯುವ ವಿಷಯ: ಮೇಲಿನ ಕೋಟು ಕೆಳಗಿನದಕ್ಕಿಂತ ಗಟ್ಟಿ ಅಂಟಿನದ್ದಾಗಬಾರದು, ಹಾಗೇನಾದರೂ ಆದರೆ ಅದು ಒಣಗುವಾಗ ಕೆಳಗಿನದನ್ನು ಕಿತ್ತುಕೊಂಡು ಹಪ್ಪಳದ ಹಾಗೆ ಏಳುತ್ತದೆ. ಆದ್ದರಿಂದ ಪಾತ್ರೆಯಲ್ಲಿ ನೀರು ಆರಿ ಗಟ್ಟಿಯಾದರೆ ಬಿಸಿನೀರು ಸೇರಿಸಿ ಮೊದಲಿನ ಹದಕ್ಕೆ ತನ್ನಿ. ಗೋಡೆಗೆ ಬಳಿಯುವ ಸುಣ್ಣ ಹಾಕಬೇಡಿ. ಅದರ ಕ್ಷಾರ ಎಣ್ಣೆಬಣ್ಣವನ್ನು ಸಾಬೂನು ಮಾಡಿಬಿಡುತ್ತದೆ.

ಕೆತ್ತುವ ಆಚಾರ್ರಿಗೆ ಮೊದಲೇ ಹೇಳಿ: ಈ ತಳ ಅರ್ಧದಿಂದ ಒಂದು ಮಿ.ಮೀ. ತುಂಬುತ್ತದೆ. ಮೂಗಿನ ಗೆರೆ, ರೆಪ್ಪೆ ಎಲ್ಲ ಬೇಕಾದದ್ದಕ್ಕಿಂತ ಆಳ ಇರಲಿ. ದೃಷ್ಟಿಸೀಳು ಮುಚ್ಚಿಹೋಗದಂತೆ ಬಳಿಯುವಾಗ ಅದರಲ್ಲಿ ರಟ್ಟಿನ ತುಂಡು ಇಟ್ಟುಕೊಳ್ಳಿ.

ಒಣಗಿದ ಮೇಲೆ 220, ನಂತರ 400ರ ಸ್ಯಾಂಡ್‌ಪೇಪರ್. ಒಂದು ತೆಳು ಕೋಟು ಅರಗಿನ ಪಾಲಿಶ್ ಕೊಟ್ಟು ತಳದ ಹೀರಿಕೆ ನಿಲ್ಲಿಸಿ. ಮೇಲೆ ಟ್ಯೂಬಿನ ಎಣ್ಣೆಬಣ್ಣ ತೆಳ್ಳಗೆ ಎರಡು ಸಲ, ನಡುವೆ ನಾಲ್ಕೈದು ದಿನ. ಕುರಿಯ ಮೂತ್ರಕೋಶದ ಬದಲು ಒದ್ದೆ ಶ್ಯಾಮಿ ಚರ್ಮ (ಗಾಜು, ಕಾರು ಒರೆಸುವ ಮೆತ್ತನೆಯ ಚರ್ಮ) ಬೆರಳಿಗೆ ಸುತ್ತಿ ತಿಕ್ಕಿದರೂ ಬಹುಮಟ್ಟಿಗೆ ಆ ನಯ ಬರುತ್ತದೆ. ಬಣ್ಣ ಬೆರಳಿಗೆ ಅಂಟಬಾರದು, ಆದರೆ ಒತ್ತಿದರೆ ಗುರುತು ಬೀಳಬೇಕು, ಆ ಹೊತ್ತು ಹಿಡಿಯುವುದೇ ಕೆಲಸ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಸರೇಸು ಒಣಗುವ ಮೊದಲೇ ಬೂಷ್ಟು ಬರುತ್ತದೆ. ಮಳೆಯಲ್ಲೇ ಮಾಡಬೇಕಾದ ಗತಿ ಬಂದರೆ ಸರೇಸು ಬಿಟ್ಟು ಫೆವಿಕಾಲ್ ಒಂದು ಭಾಗ, ನೀರು ಒಂದು ಭಾಗ, ಚಾಕ್ ಪುಡಿ ಎರಡು ಭಾಗ. ಕೆಲಸ ನಡೆಯುತ್ತದೆ, ತಿಕ್ಕಿದರೆ ಮಾತ್ರ ರಬ್ಬರಿನ ಹಾಗೆ.

ಒಳಮೈಗೆ ಎನಾಮಲ್ ಬೇಡ. ಬೆವರಿಗೆ ಅಂಟಂಟು, ಚರ್ಮಕ್ಕೂ ಒಳ್ಳೆಯದಲ್ಲ. ಅಲ್ಲಿ ಒಳಮೈ ಬರೀ ಮರವೇ. ಬೇಕಾದರೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿ ಹತ್ತು ದಿನ ಗಾಳಿಗೆ ಇಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಹಾಕಿ.

ಬೈಲೂರು_ರಂಗ:

ಎಲ್ಲರಿಗೂ ದೊಡ್ಡ ನಮಸ್ಕಾರ. ಆಚಾರ್ರು ಮೂರು ದಾರದ ವಿಷಯ ಓದಿ ನಕ್ಕರು, ಕಿರೀಟ ಕಟ್ಟುವ ಲೆಕ್ಕವೇ ಅಲ್ವಾ ಅಂದರು. ಗಂಧಗರಿಗೆ ಸಿಗಲಿಲ್ಲ, ಹಾಲೆ ಮರದ ಹಸಿ ದಿಮ್ಮಿ ಸಿಕ್ಕಿದೆ, 34 ಸೆಂ.ಮೀ. ದಪ್ಪ. ಹುಲಿಗೆ ಹಳದಿ ತಳದ ಮೇಲೆ ಕಪ್ಪು ಪಟ್ಟೆ ಹಾಕುವುದಲ್ವಾ? ಮತ್ತೆ ಆನ್‌ಲೈನಿನಲ್ಲಿ ಒಂದು ‘ನೂರು ವರ್ಷ ಹಳೆಯ’ ಗ್ವಾಟೆಮಾಲಾ ಮಂಗನ ಮುಖವಾಡ ಮಾರಾಟಕ್ಕೆ ಉಂಟು, ಮಾದರಿಗೆ ತರಿಸಿಕೊಳ್ಳಬಹುದಾ?

ಅಂಚುಗೆರೆ:

ಪಟ್ಟೆ ಹಾಕಿದರೆ ಕೆಟ್ಟಿತು! ಸ್ಪ್ಯಾನಿಷಿನಲ್ಲಿ ತೀಗ್ರೆ ಎಂದು ಬರೆದಿರುತ್ತದೆ, ಆದರೆ ಅಮೆರಿಕ ಖಂಡದಲ್ಲಿ ಹುಲಿ ಇಲ್ಲ. ಅವರು ಹೇಳುವುದು ಜಾಗ್ವಾರ್, ಅಲ್ಲಿಯ ಮಾಯಾ ಜನರ ಕಿಚೆ ಭಾಷೆಯಲ್ಲಿ ಬಾಲಾಮ್. ಮೈಮೇಲೆ ಇರುವುದು ಹೂವಿನ ಹಾಗಿನ ಉಂಗುರ: ನಾಲ್ಕೈದು ಕಪ್ಪು ತುಣುಕು ಸುತ್ತ, ನಡುವೆ ಒಂದೆರಡು ಚುಕ್ಕೆ. ನಡುಚುಕ್ಕೆ ಇಲ್ಲದಿದ್ದರೆ ಅದು ನಮ್ಮ ಚಿರತೆ. ಮುಖವಾಡದ ಸಣ್ಣ ಜಾಗದಲ್ಲಿ ಅವರೇ ಎಷ್ಟೋ ಸಲ ಬರೀ ದುಂಡು ಚುಕ್ಕೆ ಹಾಕಿ ಮುಗಿಸುತ್ತಾರೆ. ಹುಲಿವೇಷಕ್ಕೆ ಬಣ್ಣ ಹಾಕುವವರನ್ನು ಕರೆಸುವುದಾದರೆ ಇದನ್ನು ಚೀಟಿಯಲ್ಲಿ ಬರೆದುಕೊಡಿ, ಅವರ ಕೈ ತಾನಾಗಿ ಪಟ್ಟೆಗೆ ಹೋಗುತ್ತದೆ.

ಇಲ್ಲಿಯ ಪ್ರೇಕ್ಷಕರ ಕಣ್ಣಿನ ವಿಷಯವೂ ಒಂದು ಉಂಟು. ಹೊರಚಾಚಿದ ನಾಲಗೆ, ಕೋರೆಹಲ್ಲು, ಲೋಹದ ಹೊಳಪು, ಇವು ಮೂರು ಸೇರಿದರೆ ಉಡುಪಿಯ ಜನ ಅದನ್ನು ಪಿಲಿಚಾಮುಂಡಿ, ಪಂಜುರ್ಲಿ ಎಂದೇ ಓದುತ್ತಾರೆ, ದೈವದ ಮುಗವನ್ನು ವೇದಿಕೆಗೆ ತಂದರು ಎಂಬ ಮಾತು ಬರುತ್ತದೆ. ಗ್ವಾಟೆಮಾಲಾದ ಜಾಗ್ವಾರಿಗೆ ಅಷ್ಟೆಲ್ಲ ಉಗ್ರತೆ ಬೇಡವೂ ಬೇಡ. ಬಾಯಿ ಸ್ವಲ್ಪ ತೆರೆದು ಹಲ್ಲಿನ ಸಾಲು ಕಂಡರೆ ಸಾಕು. ಬೇಗಡೆ, ಚಿನ್ನದ ಬಣ್ಣವೂ ಬೇಡ. ಅಲ್ಲಿ ಚಿನ್ನದ ಕೂದಲು ಗಡ್ಡ ಇರುವುದು ಬೇರೆಯೇ ಕುಣಿತದ್ದು, 1524ರಲ್ಲಿ ದಂಡೆತ್ತಿ ಬಂದ ಸ್ಪ್ಯಾನಿಷ್ ದಂಡನಾಯಕ ಪೆದ್ರೊ ದೆ ಅಲ್ವಾರಾದೊನ ವೇಷಕ್ಕೆ.

ಜಿಂಕೆಯದ್ದು ಬೇಟೆಯ ಕುಣಿತ, ಸಂಗೀತ ಮರಿಂಬಾ (ಮರದ ಪಟ್ಟಿಗಳನ್ನು ಕೋಲಿನಲ್ಲಿ ಬಾರಿಸುವ ವಾದ್ಯ). ಅದರ ಬೇರು ಸ್ಪ್ಯಾನಿಷರಿಗಿಂತ ಹಿಂದಿನದು, ಆದರೆ ಈಗ ಕಾಣುವ ವೇಷ, ಪಾತ್ರಗಳಲ್ಲಿ ವಸಾಹತು ಕಾಲದ್ದು ಬೇಕಾದಷ್ಟು ಸೇರಿದೆ. ಆದ್ದರಿಂದ ಕರಪತ್ರದಲ್ಲಿ ‘ಸಾವಿರಾರು ವರ್ಷ ಬದಲಾಗದ’ ಎಂದು ಹಾಕಬೇಡಿ. ಪ್ರಾಣಿವೇಷದ ಹಳೆಯ ಪುರಾವೆ ಬೇಕಾದರೆ ಮೆಕ್ಸಿಕೊದ ಬೊನಾಂಪಾಕ್ ಎಂಬ ಹಳೆಯ ಮಾಯಾ ಊರಿನ ಭಿತ್ತಿಚಿತ್ರ ಉಂಟು, ಕ್ರಿ.ಶ. 790ರ ಆಸುಪಾಸಿನದ್ದು, ಅದರಲ್ಲಿ ಮೊಸಳೆ, ಸಿಗಡಿಯಂಥ ವೇಷ ಹಾಕಿದವರು ಇದ್ದಾರೆ. ಕಿಚೆಯಲ್ಲಿ ಜಿಂಕೆಗೆ ಕೇಹ್ ಎಂಬ ಪದ, ಸ್ಪ್ಯಾನಿಷರು ಕುದುರೆ ತಂದ ಮೇಲೆ ಕುದುರೆಗೂ ಅದೇ ಹೆಸರು ಅಂಟಿತು. ನಿರೂಪಕರಿಗೆ ಹೇಳಲಿಕ್ಕೆ ಒಳ್ಳೆಯ ಮಾತು. ಮಂಗ ಹಾಸ್ಯದವನು, ಸಾಲು ಕೆಡಿಸುವುದೇ ಅವನ ಕೆಲಸ. ಅವನಿಗೆ ಮೂತಿ ಚಪ್ಪಟೆ, ಭಾರ ಕಡಿಮೆ, ಹಾರಲಿಕ್ಕೆ ಅನುಕೂಲ ಆಗಲಿ. ಪಾಲೊ ವೊಲಾದೊರ್ ಎಂಬ ಎತ್ತರದ ಕಂಬದ ಕುಣಿತದಲ್ಲೂ ಮಂಗನ ವೇಷ ಉಂಟು.

ಆನ್‌ಲೈನಿನದ್ದಕ್ಕೆ: ಮುಖದ ಫೋಟೊ ಬೇಡ, ಒಳಮೈಯ ಫೋಟೊ ಕೇಳಿ. ನಿಜವಾಗಿ ಕುಣಿದ ಮುಖವಾಡದಲ್ಲಿ ಹಣೆ, ಕೆನ್ನೆ ತಾಗುವ ಜಾಗ ಮಾತ್ರ ಬೆವರಿಗೆ ಕಪ್ಪಾಗಿ ನಯವಾಗಿರುತ್ತದೆ, ಉಳಿದ ಕಡೆ ಉಳಿಯ ಗುರುತು ಹಾಗೇ ಇರುತ್ತದೆ. ಒಳಗೆಲ್ಲ ಒಂದೇ ಸಮ ಕಪ್ಪಾಗಿದ್ದರೆ ಅದು ಹೊಗೆ ಅಥವಾ ಬೂಟ್ ಪಾಲಿಶ್. ದಾರದ ತೂತಿನ ಒಂದು ಪಕ್ಕ ಸವೆದು ಕೊರಕಲು ಬಿದ್ದಿರಬೇಕು. ದುಂಡಗೆ ಹರಿತವಾಗಿದ್ದರೆ ದಾರ ಕಂಡೇ ಇಲ್ಲ. ಬಣ್ಣ ಚಕ್ಕೆ ಎದ್ದ ಕಡೆ ಮೂರು ನಾಲ್ಕು ಬಣ್ಣದ ಪದರ ಕಾಣಬೇಕು. ಅಲ್ಲಿ ಮುಖವಾಡ, ವೇಷ ಬಾಡಿಗೆಗೆ ಕೊಡುವ ಮನೆಗಳಿಗೆ ಮೊರೆರಿಯಾ ಎನ್ನುತ್ತಾರೆ, ನಮ್ಮ ವೇಷಭೂಷಣದ ಅಂಗಡಿಗಳ ಹಾಗೆ. ಅವರ ಹೆಸರಿನ ಅಕ್ಷರ ಒಳಗೆ ಸುಟ್ಟು ಒತ್ತಿರುವುದೂ ಉಂಟು. ದೃಷ್ಟಿಸೀಳೇ ಇಲ್ಲದ್ದಾದರೆ ಮಾತಾಡುವುದೇ ಬೇಡ, ಅದು ಗ್ವಾಟೆಮಾಲಾದ ಚಿಚಿಕಾಸ್ತೆನಾಂಗೊ ಎಂಬ ಊರಿನ ಗುರುವಾರ, ಭಾನುವಾರದ ಸಂತೆಯಲ್ಲಿ ಪ್ರವಾಸಿಗಳಿಗೆಂದು ಮಾಡಿದ ಮಾಲು. ಮಾದರಿಗೆ ಆದರೆ ಅದೂ ಸಾಕು, ನೂರು ವರ್ಷದ ಬೆಲೆ ಕೊಡಬೇಡಿ ಅಷ್ಟೆ.

ದುಂಡುಳಿ:

ಹಾಲೆಯ ಹಸಿ ದಿಮ್ಮಿ ಎಂದರೆ ಇವತ್ತೇ ಕೆಲಸ ಶುರು ಮಾಡಿ. ತೊಗಟೆ ಸಮೇತ ಒಂದು ವಾರ ಬಿದ್ದರೆ ಒಳಗೆ ನೀಲಿ ಬೂದಿ ಕಲೆ ಹಬ್ಬುತ್ತದೆ. ಅದು ಮರದ ಸಕ್ಕರೆ, ಹಿಟ್ಟು ತಿನ್ನುವ ಶಿಲೀಂಧ್ರ, ಬಲ ಕಡಿಮೆ ಆಗುವುದಿಲ್ಲ, ಬಣ್ಣದ ಕೆಳಗೆ ಕಾಣುವುದೂ ಇಲ್ಲ. ಆದರೆ ಆ ಹಿಟ್ಟಿಗೇ ಕುಟ್ಟೆ ಹುಳವೂ ಬರುವುದು, ಅದನ್ನು ಬಿಡಬಾರದು. ಇವತ್ತೇ ಹೋಳು ಮಾಡಿಸಿ, ತೊಗಟೆ ಕಿತ್ತು, ಹಾಲು ಸೋರಿದ್ದನ್ನು ಒರೆಸಿ, ಬಾಚಿಯ ಕೆಲಸ ಮುಗಿಸಿ.

ಟೊಳ್ಳು ಮಾಡಿದ ಮೇಲೆ ಮದ್ದು: 10 ಲೀಟರ್ ಬಿಸಿನೀರಿಗೆ 240 ಗ್ರಾಂ ಬೋರಿಕ್ ಆಮ್ಲ, 360 ಗ್ರಾಂ ಬೋರಾಕ್ಸ್. ನಾಲ್ಕನ್ನೂ ಒಂದು ದಿನ ಪೂರ್ತಿ ಮುಳುಗಿಸಿಡಿ, ತೇಲದಂತೆ ಮೇಲೆ ಕಲ್ಲು ಹೇರಿ. ತೆಗೆದು ನೆರಳಲ್ಲಿ ಕೆಳಗೂ ಮೇಲೂ ಗಾಳಿ ಆಡುವ ಹಾಗೆ ಇಟ್ಟು, ಮೊದಲು ಹೇಳಿದ ತೂಕದ ಲೆಕ್ಕ ಶುರು ಮಾಡಿ. ಈ ಮದ್ದು ನೀರಿನಲ್ಲಿ ತೊಳೆದು ಹೋಗುವಂಥದ್ದು, ಹಾಗಾಗಿ ಆಮೇಲೆ ಮಳೆಗೆ ಬೀಳಬಾರದು. ಒಳಮೈಗೆ ಮದ್ದಿನ ಬಿಳಿ ಪುಡಿ ಎದ್ದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಯೇ ಅಗಸೆ ಎಣ್ಣೆ.

ಡಬ್ಬಿಯವರು ಹೇಳಿದ ಸರೇಸಿನ ತಳವನ್ನು ತೂಕ ನಿಲ್ಲುವ ಮೊದಲು ಹಚ್ಚಬೇಡಿ. ಒಳಗಿನ ತೇವ ಹೊರಗೆ ಬರಲು ದಾರಿ ಹುಡುಕಿ ಬಣ್ಣವನ್ನು ಗುಳ್ಳೆ ಗುಳ್ಳೆಯಾಗಿ ಎತ್ತುತ್ತದೆ. ಕರಾವಳಿಯಲ್ಲಿ ಮರ ಪೂರ್ತಿ ಒಣಗುವುದು ಎಂದಿಲ್ಲ. ಮಳೆಯಲ್ಲಿ ತೇವ ಶೇಕಡಾ 18ರ ಆಸುಪಾಸು ನಿಲ್ಲುತ್ತದೆ, ಎ.ಸಿ. ಸಭಾಂಗಣದಲ್ಲಿ ಇಟ್ಟರೆ 10ಕ್ಕೆ ಇಳಿಯಲು ನೋಡುತ್ತದೆ. ಪ್ರದರ್ಶನದ ದಿನ ಬೆಳಿಗ್ಗೆಯಿಂದಲೇ ಎ.ಸಿ.ಯ ಗಾಳಿಗೆ ಎದುರಾಗಿ ಮೇಜಿನ ಮೇಲೆ ಸಾಲಾಗಿ ಇಡಬೇಡಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೇ ಇರಲಿ. ಕೊಂಬಿನ ಬಿದಿರಿನ ಮೊಳೆ ಅರ್ಧ ಡಜನ್ ಹೆಚ್ಚಿಗೆ ಮಾಡಿಸಿ ಜೊತೆಗಿಟ್ಟುಕೊಳ್ಳಿ.